ಕೆಳಗೆ ಇಳಿಯುತ್ತಿದ್ದ ಬಾಗಿಲು

ಹೋದ ತಿಂಗಳು ಶಹಾಬಾದ ಸ್ಟೇಷನ್ನಿನಲ್ಲಿ ಇಳಿದು ಆಟೋ ಹತ್ತಿದೆ. ಮಳೆ ಆಗತಾನೇ ನಿಂತಿತ್ತು. ಕಲ್ಲು ಪಾಲಿಶ್ ಮಾಡುವ ಯಾರ್ಡುಗಳ ಸಾಲು ಶುರುವಾಯಿತೋ ಇಲ್ಲವೋ, ಆ ವಾಸನೆ ಮೂಗಿಗೆ ಬಡಿಯಿತು. ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವಾಗ ನೀರಿನ ಜೊತೆ ಇಳಿದು ಬರುವ ಬೂದುಬಣ್ಣದ ರಾಡಿಯ ವಾಸನೆ. ಈ ಊರಿನವರಿಗೆ ಅದು ಗೊತ್ತೂ ಆಗುವುದಿಲ್ಲ. ನನಗೆ ಮಾತ್ರ ಅಂಗೈ ತಣ್ಣಗಾಗಿ ಎದೆ ಡವಡವ ಅನ್ನತೊಡಗಿತು. "ಎಲ್ಲಿ ಇಳೀತೀರಿ ಅಕ್ಕಾ?" ಅಂತ ಆಟೋದವನು ಕೇಳಿದ್ದು ಎರಡನೇ ಸಲಕ್ಕೆ ಕಿವಿಗೆ ಬಿತ್ತು. ಮೂರು ವರ್ಷ ಕಳೆದರೂ ನನ್ನ ಮೈ ಆ ಮಳೆಗಾಲವನ್ನು ಮರೆತಿಲ್ಲ.

ನಾನು ಹುಟ್ಟಾ ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಲ್ಲಿ, ಗುಡುಗು, ಗೂಡ್ಸ್ ಗಾಡಿಯ ಹಾರ್ನು, ಮಧ್ಯಾಹ್ನ ದೂರದ ಗಣಿಯಲ್ಲಿ ಬ್ಲಾಸ್ಟಿಂಗ್‌ಗೆ ಮುಂಚೆ ಕೂಗುವ ಸೈರನ್ನು, ಎಲ್ಲಕ್ಕೂ ಅಂಜುತ್ತೇನೆ. ಒಂದು ಸಲ ಅಂಗಳದಲ್ಲಿ ಹಾವು ಅಂತ ಕೂಗಿ ಇಡೀ ಓಣಿಯನ್ನು ಸೇರಿಸಿದ್ದೆ. ಅದು ಕಾಕಾನ ಹೆಂಡತಿ ಚಿಗವ್ವನ ಲಂಗದ ಲಾಡಿ. ಇನ್ನೊಂದು ಸಲ ಗ್ಯಾಸ್ ಸೋರುತ್ತಿದೆ ಎಂದು ಹೆದರಿ ಎಲ್ಲರನ್ನೂ ಊಟದ ಮಧ್ಯೆ ಎಬ್ಬಿಸಿ ಹೊರಗೆ ಕಳಿಸಿದ್ದೆ. ಅದು ಕೊಳೆತ ಉಳ್ಳಾಗಡ್ಡಿ. ನಮ್ಮ ಕಾಕಾ, ಅಪ್ಪನ ತಮ್ಮ, ನನ್ನನ್ನು ಭಾಗ್ಯಾ ಅಂತ ಕರೆದದ್ದು ಕಡಿಮೆ. "ಏ ಅಂಜುಬುರಕಿ" ಅಂದರೆ ನಾನೇ.

ಆ ವರ್ಷ ನಾನು ಚಿತ್ತಾಪುರದ ಹತ್ತಿರ ಒಂದು ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಜುಲೈ ತಿಂಗಳ ಒಂದು ಶನಿವಾರ ಶಹಾಬಾದಿಗೆ ಹೋಗಲು ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಮೇಲ್ಸೇತುವೆಯ ಮೆಟ್ಟಿಲು ಇಳಿಯುತ್ತಿದ್ದಾಗ ಕೆಳಗೆ ನಿಂತಿದ್ದ ಗೂಡ್ಸ್ ಗಾಡಿ ಹಾರ್ನ್ ಹೊಡೆಯಿತು. ನಾನು ಬೆಚ್ಚಿಬಿದ್ದೆ, ಹಾಗೇ ಏಳು ಮೆಟ್ಟಿಲು ಕೆಳಗೂ ಬಿದ್ದೆ. ಬಲಗಾಲಿನ ಎಲುಬು ಮುರಿದು ಪ್ಲಾಸ್ಟರ್ ಹಾಕಿದರು. ಚಿಂಚೋಳಿಯಲ್ಲಿ ಅಪ್ಪ ಅವ್ವ ಇದ್ದದ್ದು ಬಾಡಿಗೆಯ ಮಹಡಿ ಮನೆ, ಮೆಟ್ಟಿಲು ಹತ್ತುವುದು ಸಾಧ್ಯವಿರಲಿಲ್ಲ. ಹಾಗಾಗಿ ಎರಡು ತಿಂಗಳು ಶಹಾಬಾದಿನ ಕಾಕಾನ ಮನೆಯೇ ಗತಿ ಆಯಿತು.

ಆ ಮನೆಯನ್ನು ಕಟ್ಟಿದವರು ನನ್ನ ಅಜ್ಜ. ಫರಸಿಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಮಣ್ಣಿನ ಗಾರೆ ತುಂಬಿ ಎಬ್ಬಿಸಿದ ಗೋಡೆ. ನೆಲಕ್ಕೂ ಫರಸಿ, ತಲೆಯ ಮೇಲೂ ಫರಸಿ. ದೊಡ್ಡ ದೊಡ್ಡ ಹಲಗೆಗಳ ಒಂದು ತುದಿ ನಡುವಿನ ತೊಲೆಯ ಮೇಲೆ, ಇನ್ನೊಂದು ತುದಿ ಹಿಂದಿನ ಗೋಡೆಯ ಮೇಲೆ. ಸಂದಿಯಿಂದ ಮಣ್ಣು ಉದುರುತ್ತದೆ ಅಂತ ಪಡಸಾಲೆಯ ಸೂರಿನ ಕೆಳಗೆ ಹಳೆ ಸೀರೆಗಳನ್ನು ಹೊಲಿದು ಮೇಲ್ಕಟ್ಟು ಕಟ್ಟಿದ್ದರು. ಹಿಂದಿನ ಗೋಡೆಗೆ ಹತ್ತಿ ಆಯಿಯ ಹೊರಸು, ಹಗ್ಗದ ಮಂಚ. ಆಯಿ ಅಂದರೆ ನನ್ನ ಅಪ್ಪನ ತಾಯಿ. ಮದುವೆಯಾಗಿ ಬಂದ ವರ್ಷ ಆ ಗೋಡೆಗೆ ತಾನೇ ಮಣ್ಣು ಹೊತ್ತದ್ದನ್ನು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಎಂಬತ್ತು ದಾಟಿದ್ದರೂ ಮುಂಜಾನೆ ಆ ಗೋಡೆಯ ಬದಿಗೇ ಕುಳಿತು ಲಿಂಗಪೂಜೆ, ಅಲ್ಲೇ ಊಟ, ಅಲ್ಲೇ ನಿದ್ದೆ. ಎದುರಿನ ಬಾಗಿಲಿನ ಪಕ್ಕ ನನಗೊಂದು ಹೊರಸು ಹಾಕಿಕೊಟ್ಟರು.

ನಾಲ್ಕನೇ ದಿನಕ್ಕೆ ನನ್ನ ಜೊತೆ ಕೆಲಸ ಮಾಡುವ ರೇಷ್ಮಾ ಟೀಚರ್ ನೋಡಲು ಬಂದರು. ಕೈಯಲ್ಲಿ ಒಂದು ಚೀಲ. ಒಳಗೆ ನಮ್ಮ ಎರಡನೇ ಕ್ಲಾಸಿನ ಮಕ್ಕಳು ಒಂದಕ್ಕೊಂದು ಸಿಕ್ಕಿಸಿ ಆಡುವ ಪ್ಲಾಸ್ಟಿಕ್ ಇಟ್ಟಂಗಿಗಳು, ಪುಟ್ಟ ಪುಟ್ಟ ಇಟ್ಟಿಗೆಗಳು.

"ನೀವ್ ಬೀಳೋಕ್ಕಿಂತ ಮೊದಲ ಮಕ್ಕಳಿಗಿ ಏನ್ ಮಾತು ಕೊಟ್ಟೀರಿ, ನೆನಪದ ಏನ್ರಿ ಟೀಚರ್?" ಅಂದರು. "ದಿನಾ ನನ್ನ ತಲಿ ತಿನ್ಲಿಕತ್ತಾವ."

ನೆನಪಿತ್ತು. ಇಟ್ಟಂಗಿಗಳು ತಾವೇ ನಡೆದಾಡುವ ಒಂದು ವಿಡಿಯೋವನ್ನು ಫೋನಿನಲ್ಲಿ ತೋರಿಸಿದ್ದೆ. "ಟೀಚರ್, ನಮ್ಮ ಇಟ್ಟಂಗಿನೂ ನಡಸ್ರಿ" ಅಂದಿದ್ದವು. ಅದಕ್ಕೇನು, ನಡೆಸೋಣ ಅಂದುಬಿಟ್ಟಿದ್ದೆ. ಕೆಲಸ ಏನೋ ಸರಳ. ಗೊಂಬೆಯನ್ನು ಎಳ್ಳಿನಷ್ಟು ಸರಿಸಬೇಕು, ಕೈ ಹಿಂದಕ್ಕೆ ತೆಗೆಯಬೇಕು, ಫೋಟೋ ಹೊಡೆಯಬೇಕು. ಮತ್ತೆ ಎಳ್ಳಿನಷ್ಟು, ಮತ್ತೆ ಫೋಟೋ. ಹನ್ನೆರಡು ಫೋಟೋ ಸೇರಿದರೆ ಒಂದು ಸೆಕೆಂಡಿನ ನಡಿಗೆ. ಇದಕ್ಕೆ ಸ್ಟಾಪ್ ಮೋಶನ್ ಅನ್ನುತ್ತಾರೆ. ಕಾಲು ಮುರಿದು ಕುಳಿತವರಿಗೆ ಇದಕ್ಕಿಂತ ತಕ್ಕ ಕೆಲಸ ಇನ್ನೊಂದಿಲ್ಲ ಅನ್ನಿಸಿತು.

ಮೊದಲ ದಿನ ನೂರ ನಲವತ್ತು ಫೋಟೋ ಹೊಡೆದೆ. ನೋಡಿದರೆ ಹನ್ನೆರಡು ಸೆಕೆಂಡೂ ತುಂಬಲಿಲ್ಲ, ಅದರಲ್ಲಿ ಅರ್ಧ ನನ್ನ ಹೆಬ್ಬೆರಳು. ಮೋಡ ಬಂದು ಹೋದಂತೆಲ್ಲ ಚಿತ್ರ ಮಿಣಮಿಣ ಅನ್ನುತ್ತಿತ್ತು. ಡಬ್ಬಿಗೆ ಒರಗಿಸಿಟ್ಟ ಫೋನು ಪ್ರತಿ ಸಲ ಮುಟ್ಟಿದಾಗಲೂ ಅಲುಗಿ, ಗೊಂಬೆಗೆ ಚಳಿಜ್ವರ ಬಂದ ಹಾಗೆ ಕಾಣುತ್ತಿತ್ತು. ಕಾಕಾ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಮರುದಿನ ತಮ್ಮ ಕಲ್ಲಿನ ಯಾರ್ಡಿನಿಂದ ಬರುವಾಗ ಒಂದು ಗೇಣಿನ ಫರಸಿ ತುಂಡು ತಂದರು. ಅದರ ನಡುವೆ ಮಷೀನಿನಲ್ಲಿ ಒಂದು ಸೀಳು ಕೊಯ್ದಿದ್ದರು. ಫೋನು ಅದರಲ್ಲಿ ಸರಿಯಾಗಿ ಇಳಿದು ಕೂಡುತ್ತಿತ್ತು. ಆಯಿಯ ಹೊರಸಿನ ಮೇಲೆ, ಹಿಂದಿನ ಗೋಡೆಯಿಂದಲೇ ಹೊರಚಾಚಿದ ಕಲ್ಲಿನ ಹಲಗೆಯೊಂದಿತ್ತು, ಸಾಮಾನು ಇಡಲು. ಆ ತುಂಡನ್ನು ಅದರ ಮೇಲಿಟ್ಟು ಸಿಮೆಂಟು ಹಾಕಿ ಕೂಡಿಸಿದರು.

"ಎಷ್ಟು ಸಲ ತಗದು ಇಟ್ರೂ ಫೋನು ಅದೇ ಜಾಗಾಕ್ಕ ಬಂದು ಕೂಡ್ತದ. ನೀ ಸರದ್ರೂ ಇದು ಸರಿಯಲ್ಲ. ನಮ್ಮ ಶಹಾಬಾದ ಕಲ್ಲದು," ಅಂದರು.

ಮೂವತ್ತು ವರ್ಷ ಕಲ್ಲಿನಲ್ಲೇ ಬದುಕಿದ ಮನುಷ್ಯ. ನಾನು ಯಾಕೆ ನಂಬದಿರಲಿ? ಈ ಊರಿನಲ್ಲಿ ಎಲ್ಲರೂ ಹಾಗೇ. ಬೇರೆ ಏನೇ ಸರಿದರೂ ಕಲ್ಲು ಸರಿಯುವುದಿಲ್ಲ.

ಹಲಗೆಯ ಎದುರಿಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಚಪ್ಪಟೆ ಫರಸಿ, ಅದರ ಮೇಲೆ ನಮ್ಮ ಲೋಕ. ಬೂದು ಇಟ್ಟಂಗಿಯ ರಸ್ತೆ, ಹಸಿರು ಇಟ್ಟಂಗಿಯ ಬಸ್ಸು, ಕೆಂಪು ತಲೆಯ ಒಬ್ಬ ಹೆಣ್ಣುಮಗಳು. ಫೋಟೋದಲ್ಲಿ ಅವಳ ಹಿಂದೆ ಪಡಸಾಲೆಯ ಬಾಗಿಲು ಕಾಣುತ್ತಿತ್ತು. ಅವಳಿಗೆ ಕೆಂಪಮ್ಮ ಅಂತ ಹೆಸರಿಟ್ಟವಳು ಆಯಿ. ಕಥೆ ಇಷ್ಟೇ: ಕೆಂಪಮ್ಮ ಕಾಳಗಿಗೆ ಹೋಗುವ ಬಸ್ಸಿಗೆ ಓಡುತ್ತಾಳೆ, ಪ್ರತಿ ಸಲ ಬಸ್ಸು ತಪ್ಪುತ್ತದೆ, ಕೊನೆಗೊಮ್ಮೆ ಸಿಗುತ್ತದೆ.

"ಯಾವಾಗ ಸಿಗ್ತದ?" ಅಂದಳು ಆಯಿ.

"ಆಗಸ್ಟ್ ಆಖೈರಿಗೆ ಸಿಗ್ತದ ಆಯಿ."

"ಅಷ್ಟು ದಿನಾ? ಬಸ್ಸು ಅಲ್ಲೇ ಗೇಣಿನ ಮ್ಯಾಗ ನಿಂತದಲ್ಲ! ಪಾಪ, ಆಕಿ ಜೀವ ಯಾಕ ತಿಂತಿ? ಹತ್ತಿಸಿಬಿಡು." ಹೀಗೆ ಹೇಳಿ ತಾನೇ ಕೈ ಚಾಚಿ ಕೆಂಪಮ್ಮನನ್ನು ಎತ್ತಿ ಬಸ್ಸಿನ ಮುಂದೆ ನಿಲ್ಲಿಸಿಬಿಡುತ್ತಿದ್ದಳು. ನನ್ನ ಒಂದು ಮುಂಜಾನೆಯ ಕೆಲಸ ನೀರುಪಾಲಾಗುತ್ತಿತ್ತು.

ಮಳೆ ಬಿಡದೆ ಹೊಡೆಯುತ್ತಿತ್ತು. ನಾನು ಬಳಸುತ್ತಿದ್ದ ಆ್ಯಪಿನಲ್ಲಿ ಒಂದು ಅನುಕೂಲವಿದೆ. ಹೊಸ ಫೋಟೋ ಹೊಡೆಯುವ ಮುಂಚೆ ಹಿಂದಿನ ಫೋಟೋ ಮಸುಕಾಗಿ ಅದರ ಮೇಲೆ ಕಾಣುತ್ತದೆ. ಎರಡನ್ನೂ ಹೊಂದಿಸಿ ನೋಡಿದರೆ ಗೊಂಬೆ ಎಷ್ಟು ಸರಿದಿದೆ ಅಂತ ತಿಳಿಯುತ್ತದೆ. ಒಂದು ಮುಂಜಾನೆ ಫೋನನ್ನು ಸೀಳಿಗೆ ಇಳಿಸಿ ನೋಡಿದೆ. ನಿನ್ನೆಯ ಮಸುಕು ಕೆಂಪಮ್ಮನಿಗಿಂತ ಇವತ್ತಿನ ಕೆಂಪಮ್ಮ ಒಂದು ಕೂದಲಿನಷ್ಟು ಕೆಳಗಿದ್ದಳು. ರಸ್ತೆಯೂ ಕೆಳಗಿತ್ತು. ಚಿಗವ್ವ ಕಸ ಗುಡಿಸುವಾಗ ಸ್ಟೂಲು ತಾಗಿಸಿರಬೇಕು ಅಂದುಕೊಂಡೆ. ಹಳೆ ನೋಟುಬುಕ್ಕಿನ ರಟ್ಟೊಂದನ್ನು ಕತ್ತರಿಸಿ ಸ್ಟೂಲಿಗೂ ಅದರ ಮೇಲಿನ ಫರಸಿಗೂ ನಡುವೆ ತೂರಿಸಿದೆ. ಕೆಂಪಮ್ಮ ಮೇಲೆ ಬಂದು ನಿನ್ನೆಯ ಜಾಗಕ್ಕೆ ಸರಿಯಾಗಿ ಕೂತಳು.

ಮರುದಿನ ಮತ್ತೆ ಹಾಗೇ ಆಗಿತ್ತು. ಇನ್ನೊಂದು ರಟ್ಟು ಇಟ್ಟೆ. ಅದರ ಮರುದಿನ ಮತ್ತೊಂದು. ನನಗೆ ಸಿಟ್ಟು ಬಂತು. ಚಿಗವ್ವನ ಮೇಲೆ ರೇಗಿದೆ, ಬೆಕ್ಕನ್ನು ಓಡಿಸಿದೆ. ಕೊನೆಗೆ ಆಯಿಯನ್ನೇ ಹಿಡಿದುಕೊಂಡೆ.

"ನೀನೇ ಮುಟ್ಟಲಿಕತ್ತಿ ಆಯಿ, ಸುಳ್ಳು ಹೇಳಬ್ಯಾಡ."

"ಲಿಂಗದಾಣಿ ಮುಟ್ಟಿಲ್ಲವ್ವಾ," ಅಂದಳು. ಎದೆಯ ಮೇಲಿನ ಲಿಂಗದ ಕರಡಿಗೆಯ ಮೇಲೆ ಕೈ ಇಟ್ಟು ಹೇಳಿದ ಮಾತು. ನಾನು ಮುಖ ತಿರುಗಿಸಿದೆ. ನೆಲ ಹಸಿಯಾಗಿ ಸ್ಟೂಲಿನ ಕಾಲು ಇಳಿಯುತ್ತಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಲ್ಲದಕ್ಕೂ ಹೆದರುವ ನನಗೆ ಇದೊಂದಕ್ಕೆ ಹೆದರಬೇಕು ಅಂತ ಹೊಳೆಯಲೇ ಇಲ್ಲ. ಈಗ ನೆನೆಸಿಕೊಂಡರೆ ಅದೇ ಹೆಚ್ಚು ಹೆದರಿಸುತ್ತದೆ.

ಹತ್ತೊಂಬತ್ತು ರಟ್ಟು ಇಟ್ಟ ದಿನ ಆವರೆಗಿನ ಸಿನಿಮಾವನ್ನು ಜೋಡಿಸಿ ರೇಷ್ಮಾ ಟೀಚರಿಗೆ ಕಳಿಸಿದೆ. ಮಧ್ಯಾಹ್ನ ಫೋನಿಗೆ ಅವರ ಧ್ವನಿ ಸಂದೇಶ ಬಂತು. "ಭಾಗ್ಯಾ ಟೀಚರ್, ಭಾಳ ಛಂದ ಬಂದದ್ರಿ. ಎಲ್ಲಾ ಬಿದ್ದು ಬಿದ್ದು ನಗ್ಲಿಕತ್ತಾವ. ಒಂದೇನೋ ಕೇಳ್ತಾವ, ನೀವೇ ಕೇಳ್ರಿ." ಹಿಂದೆಯೇ ಮಕ್ಕಳ ಗದ್ದಲ, ಅದರಲ್ಲಿ ಒಂದು ಹುಡುಗಿಯ ಕೀರಲು ದನಿ. "ಟೀಚರ್, ಕೆಂಪಮ್ಮನ ಹಿಂದಿನ ಬಾಗಲಾ ಯಾಕ ಕೆಳಗ ಹೊಂಟದ?"

ನಗುತ್ತಲೇ ಸಿನಿಮಾ ತೆರೆದೆ. ಮೂರು ವಾರ ನಾನು ನೋಡಿದ್ದು ಕೆಂಪಮ್ಮನನ್ನು ಮಾತ್ರ. ಈಗ ಅವಳ ಹಿಂದೆ ನೋಡಿದೆ. ಕೆಂಪಮ್ಮ ಇದ್ದಲ್ಲೇ ಇದ್ದಳು, ರಸ್ತೆ ಇದ್ದಲ್ಲೇ ಇತ್ತು. ಹಿಂದಿನ ಬಾಗಿಲು, ಚೌಕಟ್ಟಿನ ಸಮೇತ, ನಿಧಾನಕ್ಕೆ ಕೆಳಗೆ ಇಳಿಯುತ್ತಿತ್ತು. ಮತ್ತೆ ಹಾಕಿದೆ. ಮತ್ತೆ ಇಳಿಯಿತು.

ತಲೆ ಎತ್ತಿ ಎದುರಿನ ಬಾಗಿಲು ನೋಡಿದೆ. ಅದು ನೆಲದಲ್ಲಿ ಹೂತ ಕಲ್ಲಿನ ಚೌಕಟ್ಟು. ಇಳಿದಿದ್ದರೆ ಕದ ಹಾಕಲು ಬರುತ್ತಿರಲಿಲ್ಲ. ಹೊಸ್ತಿಲು ನೋಡಿದೆ, ಒಂದು ಬಿರುಕೂ ಇಲ್ಲ. ಬಾಗಿಲು ಇಳಿದಿಲ್ಲ. ಹಾಗಾದರೆ ಸ್ಟೂಲೂ ಇಳಿದಿಲ್ಲ. ಎಲ್ಲವೂ ಕೆಳಗೆ ಹೋದ ಹಾಗೆ ಕಾಣಬೇಕಾದರೆ, ನೋಡುತ್ತಿರುವ ಕಣ್ಣೇ ಮೇಲಕ್ಕೆ ತಿರುಗುತ್ತಿರಬೇಕು. ಕಣ್ಣು ಅಂದರೆ ಫೋನು. ಫೋನು ಕೂತದ್ದು ಕಲ್ಲಿನಲ್ಲಿ, ಕಲ್ಲು ಕೂತದ್ದು ಗೋಡೆಯಲ್ಲಿ.

ಗೋಡೆ ಹಿಂದಕ್ಕೆ ವಾಲುತ್ತಿತ್ತು. ಸೂರಿನ ಫರಸಿಗಳ ತುದಿ ಅದರ ಮೇಲಿತ್ತು. ಅದರ ಕೆಳಗೆ ಆಯಿ ಬಾಯಿ ತೆರೆದುಕೊಂಡು ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಳು. ಮೇಲ್ಕಟ್ಟಿನ ಸೀರೆ ಮಣ್ಣು ತುಂಬಿ ಆ ತುದಿಯಲ್ಲಿ ಹೊಟ್ಟೆ ಬಿಟ್ಟಿತ್ತು.

ಕಾಕಾ ಬಂದ ಕೂಡಲೇ ಹೇಳಿದೆ. ಅವರು ಶರ್ಟು ಬಿಚ್ಚುತ್ತಲೇ ಕೇಳಿದರು.

"ಗ್ವಾಡಿ ನಡೀಲಿಕತ್ತದ? ನಿನ್ನ ಕೆಂಪಮ್ಮನ ಹಂಗ?"

"ಹಾಸ್ಯ ಅಲ್ರಿ ಕಾಕಾ. ಬಾಗಲಾ ನೋಡ್ರಿ, ಕೆಳಗ ಹೋಗ್ಯದ."

"ಫೋನು ಜಾರಿರ್ತದ."

"ಆ ಸೀಳು ನೀವೇ ಕೊಯ್ದೀರಿ. ಕೂದಲಷ್ಟೂ ಸರಿಯಲ್ಲ ಅಂದೀರಿ."

ಮೇಸ್ತ್ರಿಗಳು ಗೋಡೆ ನೆಟ್ಟಗಿದೆಯೋ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು ಕಾಕಾನ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ಒಂದು ಸಲ ಬಿಟ್ಟು ನೋಡಿರಿ ಅಂದೆ. ಅವರ ಮುಖ ಬಿಗಿಯಿತು.

"ನಮ್ಮ ಅಪ್ಪ ಕಟ್ಟಿದ ಗ್ವಾಡಿಗಿ ನಾ ಗುಂಡು ಬಿಡ್ಲಾ? ನಾಳಿ ಊರಾಗ ಏನಂತಾರ? ಹಾವಾಯ್ತು, ಗ್ಯಾಸ್ ಆಯ್ತು, ಈಗ ಗ್ವಾಡಿ. ಉಂಡು ಮಕ್ಕೋ." ಚಿಗವ್ವ ಒಳಗಿಂದ ನಕ್ಕದ್ದು ಕೇಳಿಸಿತು. ಅವರಿಬ್ಬರ ತಪ್ಪಲ್ಲ. ಅಷ್ಟು ಸಲ ಸುಳ್ಳೇ ಕೂಗಿದವಳು ನಾನು.

ಮುಂದಿನ ಎರಡು ದಿನ ನಾನು ಅನ್ನ ಬಾಯಿಗೆ ಇಟ್ಟದ್ದು ನೆನಪಿಲ್ಲ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಮೇಲ್ಕಟ್ಟಿನ ಕಡೆ ನೋಡುತ್ತಿದ್ದೆ. ಆಯಿಗೆ ನೇರ ಹೇಳಲು ಧೈರ್ಯವಿರಲಿಲ್ಲ, ಅವಳು ಹೊತ್ತ ಮಣ್ಣಿನ ಗೋಡೆ ಅದು. ಕೊನೆಗೆ ನನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈ ಹಾಕಿದೆ. ಆಯಿ ಸ್ನಾನಕ್ಕೆ ಹೋದಾಗ ಕುಂಟುತ್ತ ಹೋಗಿ ಅವಳ ಹೊರಸನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದೆ. ಪೂಜೆಯ ನೀರು ಚೆಲ್ಲಲು ಎದ್ದಾಗ ಮತ್ತೆ ನಾಲ್ಕು ಬೆರಳು. ಯಾರ ಕಣ್ಣಿಗೂ ಬೀಳದಷ್ಟು. ಎರಡು ದಿನಕ್ಕೆ ಒಂದು ಮೊಳ ಬಂತು. ಸಾಲದು, ಸೂರಿನ ಆ ಫರಸಿಗಳು ಐದು ಮೊಳ ಉದ್ದ.

ಮೂರನೇ ದಿನ ಮುಂಜಾನೆ ಎಳೆಯುತ್ತಿದ್ದಾಗ ಆಯಿ ಹಿಂದೆಯೇ ನಿಂತಿದ್ದಳು.

"ಭಾಗೀ, ನನ್ನ ಹೊರಸಿಗೂ ಫೋಟೋ ಹೊಡೀಲಿಕತ್ತಿ ಏನು?"

ನನಗೆ ಅಳು ಬಂತು. ಎಲ್ಲವನ್ನೂ ಹೇಳಿದೆ. ಅವಳ ಮೇಲೆ ಸುಮ್ಮನೆ ರೇಗಿದ್ದಕ್ಕೂ ಕ್ಷಮೆ ಕೇಳಿದೆ. ಆಯಿ ಹೊರಸಿನ ಅಂಚಿಗೆ ಕುಳಿತು ಗೋಡೆಯ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿದಳು.

"ಮುಂಜಾನಿ ಪೂಜಾಕ್ಕ ಕುಂತಾಗ ಒಳಗ ಕಟಕ್ ಅಂತದ. ಹದಿನೈದು ದಿನಾ ಆಯ್ತು. ಒಮ್ಮೊಮ್ಮೆ ನನಗ ಭಾಳ ಅಂಜಿಕಿ ಬರ್ತದ."

"ಮತ್ತ ಯಾಕ ಹೇಳಿಲ್ಲ ಆಯಿ?"

"ಮುದುಕಿಗಿ ಅರಳು ಮರಳು ಅಂತಾರಲ್ಲ. ನಿನಗ ಏನಂತಾರ, ನೋಡೀನಿ."

ನನ್ನ ಹೆದರಿಕೆ ಎಲ್ಲಿಂದ ಬಂದದ್ದು ಅಂತ ಆ ದಿನ ತಿಳಿಯಿತು. ಅವಳು ಎಂಬತ್ತು ವರ್ಷ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು, ನಾನು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದೆ. ಅಷ್ಟೇ ವ್ಯತ್ಯಾಸ.

ಯಾರ್ಡಿಗೆ ಹೊರಟಿದ್ದ ಕಾಕಾನನ್ನು ಆಯಿ ಕರೆದಳು. "ಆಕಿ ಅಂಜುಬುರಕಿ ಅಂತ ಬಿಟ್ಟಿ. ಈಗ ನಿಮ್ಮವ್ವ ಹೇಳ್ತಾಳ, ನನಗೂ ಅಂಜಿಕಿ ಬರ್ಲಿಕತ್ತದ. ಬಂದು ನೋಡು."

ಕಾಕಾ ಗೊಣಗುತ್ತ ಒಳಗೆ ಬಂದರು. ಗೋಡೆಯ ಕಡೆ ನೋಡಲೇ ಇಲ್ಲ, ನೇರ ಸ್ಟೂಲಿನ ಹತ್ತಿರ ಹೋದರು. "ಈ ಸ್ಟೂಲೇ ಕುಂಟದ" ಅನ್ನುತ್ತ ಕೆಂಪಮ್ಮನ ಫರಸಿಯ ಒಂದು ಬದಿ ಎತ್ತಿದರು. ಕೆಳಗೆ ರಟ್ಟುಗಳ ಕಟ್ಟು ಇತ್ತು.

"ಇದೇನು?"

"ದಿನಾ ಮುಂಜಾನಿ ಒಂದೊಂದು ಇಟ್ಟೀನಿ. ಕೆಂಪಮ್ಮ ಇಳದಷ್ಟು."

ಅವರು ಕಟ್ಟನ್ನು ಹೊರಗೆಳೆದು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರು. ಮೂವತ್ತು ವರ್ಷ ಫರಸಿಯ ದಪ್ಪ ನೋಡಿ ಗಿರಾಕಿಗೆ ಹೇಳಿದ ಬೆರಳುಗಳು. ಬಾಯಿ ತಾನಾಗಿಯೇ ಹೇಳಿತು, "ಮುಕ್ಕಾಲು ಇಂಚು." ಹೇಳಿದ ಮೇಲೆ ಅವರಿಗೇ ಆ ಮಾತು ಕೇಳಿಸಿತು. ಕಣ್ಣು ಸ್ಟೂಲಿನಿಂದ ಕಲ್ಲಿನ ಹಲಗೆಗೆ, ಹಲಗೆಯಿಂದ ಗೋಡೆಗೆ, ಗೋಡೆಯಿಂದ ಮೇಲ್ಕಟ್ಟಿಗೆ ಹೋಯಿತು. ಸಿನಿಮಾ ಅವರಿಗೆ ಏನೂ ಹೇಳಿರಲಿಲ್ಲ. ಆ ಮುಕ್ಕಾಲು ಇಂಚು ಎಲ್ಲವನ್ನೂ ಹೇಳಿತು.

ಚೀಲದಿಂದ ಗುಂಡು ತೆಗೆದುಕೊಂಡು ಮಳೆಯಲ್ಲೇ ಮನೆಯ ಹಿಂದಿನ ಇಕ್ಕಟ್ಟು ಸಂದಿಗೆ ಹೋದರು. ಬಂದಾಗ ತಲೆಯಿಂದ ನೀರು ಇಳಿಯುತ್ತಿತ್ತು, ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಮ್ಯಾಲ ಎರಡೂವರಿ ಇಂಚು ಹೊರಗ ಹೋಗ್ಯದ. ಅವ್ವನ ಹೊರಸು ಈಗಿಂದೀಗ ಅಡಗಿಮನ್ಯಾಗ ತಗೊಂಡ್ ನಡೀರಿ. ಯಾರೂ ಈಚಿ ಕಾಲಿಡಬ್ಯಾಡ್ರಿ." ನಂತರ ಯಾರಿಗೂ ಅಲ್ಲದ ಹಾಗೆ, "ನಾನೇ ಮಾಡೀನಿ," ಅಂದರು.

ಸಂದಿ ಕೆಸರಾಗುತ್ತದೆ ಅಂತ ಮೂರು ಬೇಸಿಗೆ ಯಾರ್ಡಿನ ಕಲ್ಲಿನ ರಾಡಿಯನ್ನು ತಂದು ಅಲ್ಲಿ ಸುರಿದಿದ್ದರು. ಅದು ಒಣಗಿ ಗಚ್ಚಿನಂತೆ ಗಟ್ಟಿಯಾಗಿತ್ತು. ಓಣಿಯಲ್ಲೇ ಸ್ವಚ್ಛ ಸಂದಿ ನಮ್ಮದು ಅಂತ ಹೆಮ್ಮೆ ಪಡುತ್ತಿದ್ದರು. ನೀರು ಹರಿದು ಹೋಗಲು ದಾರಿಯಿಲ್ಲದೆ ಆ ಮಳೆಗಾಲವೆಲ್ಲ ಗೋಡೆಯ ಬುಡಕ್ಕೆ ಇಳಿದು ಮಣ್ಣಿನ ಗಾರೆಯನ್ನು ಕರಗಿಸುತ್ತಿತ್ತು. ಊರಿಗೆಲ್ಲ ಕಲ್ಲು ಕೊಟ್ಟವರ ಮನೆಗೆ ಕಲ್ಲಿನ ರಾಡಿಯೇ ಮುಳುವಾಯಿತು.

ಅಡುಗೆಮನೆಗೆ ತಗಡಿನ ಸೂರು, ಬೇರೆ ಗೋಡೆ. ಆಯಿಯ ಹೊರಸು, ನನ್ನ ಹೊರಸು ಅಲ್ಲಿಗೆ ಬಂದವು. ನನ್ನ ಫೋನು ಜೇಬಿನಲ್ಲೇ ಇತ್ತು. ಮರುದಿನ ಮಳೆ ಪೂರ್ತಿ ನಿಂತು ಕಣ್ಣು ಕುಕ್ಕುವ ಬಿಸಿಲು ಬಿತ್ತು. ಸೂರಿಗೆ ಆಸರೆ ಕೊಡಲು ಕಂಬ, ಜನ ತರುತ್ತೇನೆ ಅಂತ ಕಾಕಾ ಹೊರಟರು. ಹಸಿ ಗೋಡೆ ಬಿಸಿಲಿಗೆ ಒಣಗುವಾಗಲೇ ಹೆಚ್ಚು ಮೋಸ ಮಾಡುತ್ತದೆ, ಒಳಗೆ ಹೋಗಬೇಡಿ ಅಂತ ಎರಡೆರಡು ಸಲ ಹೇಳಿದರು. ಚಿಗವ್ವ ಅಂಗಳದ ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆಯಿ ಬಚ್ಚಲಿಗೆ ಅಂತ ಎದ್ದು ಹೋದಳು.

ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ ಒಂದು ಸದ್ದು ಕೇಳಿಸಿತು. ಕಟಕ್. ಅದರ ಹಿಂದೆಯೇ ಆಯಿಯ ದನಿ, ಯಾರ ಜೊತೆಗೋ ಮೆಲ್ಲಗೆ ಮಾತಾಡುವ ದನಿ.

ಗೋಡೆ ಹಿಡಿದು ಅಡುಗೆಮನೆಯ ಹೊಸ್ತಿಲ ತನಕ ಹೋದೆ. ಆಯಿ ಪಡಸಾಲೆಯ ನಡುವೆ ಸ್ಟೂಲಿನ ಮುಂದೆ ನನಗೆ ಬೆನ್ನು ಹಾಕಿ ನಿಂತಿದ್ದಳು. ಮೇಲ್ಕಟ್ಟಿನ ಸೀರೆಯಿಂದ ಮಣ್ಣು ಸಣ್ಣ ಧಾರೆಯಾಗಿ ಅವಳ ಹಿಂದೆ ಸುರಿಯುತ್ತಿತ್ತು. ಕೂಗಬೇಕೆಂದರೆ ನನಗೆ ದನಿಯೇ ಬರಲಿಲ್ಲ. ಕಾಲು ಏಳಲಿಲ್ಲ. ಪ್ಲಾಸ್ಟರ್ ಹಾಕಿದ ಕಾಲಲ್ಲ, ಗಟ್ಟಿ ಇದ್ದ ಕಾಲು. ನಾನು ಆ ಹೊಸ್ತಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆ ಅನ್ನುವುದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಎಲ್ಲರೂ ನಾನು ಕೂಡಲೇ ಅವಳತ್ತ ಓಡಿದೆ ಅಂತಲೇ ತಿಳಿದಿದ್ದಾರೆ. ನಾನು ನಿಂತಿದ್ದೆ. ನಿಂತು, ಅವಳೇ ತಿರುಗಿ ಬರಲಿ ಅಂತ ಕಾದೆ.

ಸೀರೆ ಪರ್‍ರನೆ ಹರಿಯಿತು. ಒಂದು ಬುಟ್ಟಿ ಮಣ್ಣು ದಡಕ್ಕನೆ ಬಿತ್ತು. ಧೂಳಿನಲ್ಲಿ ಆಯಿ ಕಾಣದಾದಳು. ಆಗ ಹೋದೆ. ಹೇಗೆ ಹೋದೆ ಅಂತ ನೆನಪಿಲ್ಲ. ಕೈಗೆ ಅವಳ ಸೊಂಟದ ಸೀರೆ ಸಿಕ್ಕಿತು. ಅದನ್ನು ಹಿಡಿದು ಎಳೆದೆ. ಪ್ಲಾಸ್ಟರಿನ ಕಾಲು ನೆಲದ ಮೇಲೆ ಗರಗರ ಸದ್ದು ಮಾಡುತ್ತ ನನ್ನ ಹಿಂದೆ ಬಂತು. ಹೊಸ್ತಿಲು ಎಡವಿ ಇಬ್ಬರೂ ಅಡುಗೆಮನೆಯೊಳಗೆ ಬಿದ್ದೆವು. ನನ್ನ ಮೇಲೆ ಆಯಿ ಇದ್ದಳು.

ಆಮೇಲೆ ಬಂದ ಸದ್ದನ್ನು ನಾನು ಬಣ್ಣಿಸಲಾರೆ. ನೆಲ ಅಲುಗಿತು. ಚಿಗವ್ವ ಚೀರಿದಳು. ಧೂಳು ಅಡುಗೆಮನೆ ತುಂಬಿ, ಅದು ಇಳಿದಾಗ ಪಡಸಾಲೆ ಇದ್ದಲ್ಲಿ ಬಿಸಿಲು ಇತ್ತು. ಆಯಿ ಅರವತ್ತು ವರ್ಷ ಮಲಗಿದ ಜಾಗದ ಮೇಲೆ ನಾಲ್ಕು ಫರಸಿಗಳು ಒಂದರ ಮೇಲೊಂದು ಬಿದ್ದಿದ್ದವು. ಸ್ಟೂಲು, ಬಸ್ಸು, ರಸ್ತೆ ಯಾವುದೂ ಕಾಣಲಿಲ್ಲ.

"ಯಾಕ ಹೋದಿ ಆಯಿ, ಯಾಕ ಹೋದಿ?" ಅಂತ ಅವಳ ಭುಜ ಹಿಡಿದು ಅಲ್ಲಾಡಿಸಿದೆ. ಅವಳು ಮುಷ್ಟಿ ಬಿಚ್ಚಿದಳು. ಒಳಗೆ ಕೆಂಪಮ್ಮ ಇದ್ದಳು.

"ಆಕಿ ಒಬ್ಬಾಕಿನೇ ಇದ್ದಳಲ್ಲವ್ವಾ ಒಳಗ," ಅಂದಳು.

ಕಾಕಾ ಕಂಬಗಳ ಜೊತೆ ಬಂದಾಗ ಹೊತ್ತು ಮೀರಿತ್ತು. ಆಯಿ ಬದುಕಿದ್ದಾಳೆ ಅಂತ ಮೂರು ಸಲ ಮುಟ್ಟಿ ನೋಡಿದರು. ಆಮೇಲೆ ಅಂಗಳದ ಕಟ್ಟೆಯ ಮೇಲೆ ಕುಳಿತು ಆ ಕಲ್ಲುಗಳನ್ನೇ ನೋಡುತ್ತ ಅತ್ತರು. ನನ್ನ ಕಾಲಿಗೆ ಎರಡನೇ ಸಲ ಪ್ಲಾಸ್ಟರ್ ಬಿತ್ತು, ಆಸ್ಪತ್ರೆಯ ಬಾಗಿಲ ತನಕ ಅವರೇ ಎತ್ತಿಕೊಂಡು ಹೋದರು. ಅಂಜುಬುರಕಿ ಅಂತ ಆವತ್ತಿನಿಂದ ಕರೆದಿಲ್ಲ.

ಸಿನಿಮಾ ಪೂರ್ತಿಯಾಗಲಿಲ್ಲ. ಶಾಲೆಗೆ ಮರಳಿದ ಮೇಲೆ ಇದ್ದಷ್ಟನ್ನೇ ತೋರಿಸಿದೆ. ಕೆಂಪಮ್ಮ ಓಡುತ್ತಾಳೆ, ಬಸ್ಸು ತಪ್ಪುತ್ತದೆ, ಮತ್ತೆ ಓಡುತ್ತಾಳೆ, ಅಲ್ಲಿಗೇ ನಿಲ್ಲುತ್ತದೆ. ಮಕ್ಕಳು ನಕ್ಕವು. ನಾನು ಸಿನಿಮಾದ ಆ ಬಾಗಿಲನ್ನು ನೋಡದೆ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಹೋದ ತಿಂಗಳು ಆಟೋ ಇಳಿದು ಮನೆಗೆ ಹೋದಾಗ ಆಯಿ ಹೊಸ ಪಡಸಾಲೆಯಲ್ಲಿ ಹೊರಸಿನ ಮೇಲೆ ಕುಳಿತಿದ್ದಳು. ಸಿಮೆಂಟಿನ ಕಂಬ, ಸಿಮೆಂಟಿನ ಸೂರು, ಹಿಂದಿನ ಸಂದಿಯಲ್ಲಿ ನೀರು ಹರಿಯಲು ಚರಂಡಿ. ಗೋಡೆಯಲ್ಲಿ ಕಾಕಾ ಕಲ್ಲಿನ ಹಲಗೆ ಕೂಡಿಸಿ, ಅದರ ಮೇಲೆ ಸೀಳು ಕೊಯ್ದ ಹೊಸ ಫರಸಿ ತುಂಡು ಇಟ್ಟಿದ್ದಾರೆ. ನಾನು ಕೇಳಿರಲಿಲ್ಲ. ಎದುರಿಗೆ ಒಂದು ಸ್ಟೂಲು, ಅದರ ಮೇಲೆ ಕೆಂಪಮ್ಮ. ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ ಅಂತ ಆಯಿಯ ಕಟ್ಟಪ್ಪಣೆ.

ಉಂಡು ಕೈ ತೊಳೆದ ಮೇಲೆ ಆಯಿ ಎಂದಿನಂತೆ, "ಒಮ್ಮಿ ನೋಡು," ಅಂದಳು. ನಾನು ಬಂದಾಗಲೆಲ್ಲ ಇದು ಆಗಬೇಕು. ಆಗುವ ತನಕ ಅವಳು ಮಧ್ಯಾಹ್ನದ ನಿದ್ದೆಗೆ ಅಡ್ಡಾಗುವುದಿಲ್ಲ. ಫೋನನ್ನು ಸೀಳಿಗೆ ಇಳಿಸಿದೆ. ದೀಪಾವಳಿಗೆ ಬಂದಾಗ ಹೊಡೆದ ಫೋಟೋ ಮಸುಕಾಗಿ ಮೇಲೆ ಬಂತು. ಉಸಿರು ಬಿಗಿಹಿಡಿದು ನೋಡಿದೆ. ಕೆಂಪಮ್ಮನ ಮೇಲೆ ಕೆಂಪಮ್ಮ, ಬಾಗಿಲಿನ ಮೇಲೆ ಬಾಗಿಲು.

"ಅಲ್ಲೇ ಅದ ಆಯಿ."

"ಬರೋಬ್ಬರಿ ನೋಡ್ದಿ?"

"ಬರೋಬ್ಬರಿ ನೋಡ್ದೆ."

"ಹಂಗಾದ್ರ ಮಕ್ಕೋತೀನಿ," ಅಂದು ಗೋಡೆಯ ಕಡೆ ಮಗ್ಗುಲಾದಳು. ಅವಳ ಗೊರಕೆ ಶುರುವಾಗುವ ತನಕ ಕಾದೆ. ಆಮೇಲೆ ಸದ್ದಾಗದ ಹಾಗೆ ಫೋನನ್ನು ಮತ್ತೆ ಸೀಳಿಗೆ ಇಳಿಸಿ ಇನ್ನೊಂದು ಸಲ ನೋಡಿದೆ.